ಮನೆಯಲ್ಲಿಯೇ ಗರ್ಭಿಣಿಯ ಆರೋಗ್ಯ ವೀಕ್ಷಣೆ: ಅನುಕೂಲವೂ ಎಚ್ಚರಿಕೆಯೂ

ಜೀವನೋಪಾಯವನ್ನರಸಿ ತಾಯ್ನಾಡನ್ನು ಬಿಟ್ಟು ಈ ಮುಂಬಯಿ ಮಹಾನಗರದಲ್ಲಿ ನೆಲೆಸಿರುವ ನಮ್ಮಂತಹ ಕನ್ನಡಿಗರ ಮನೆಗಳಲ್ಲಿ ಮಗಳೋ ಸೊಸೆಯೋ ಗರ್ಭವತಿಯಾದಳೆಂದರೆ, ಸಂತೋಷದ ಬೆನ್ನಲ್ಲಿಯೇ ಒಂದು ಚಿಂತೆಯೂ ಮನೆಯನ್ನು ಹೊಗುತ್ತದೆ. ಊರಿನಲ್ಲಾದರೆ ತಾಯಿ, ದೊಡ್ಡಮ್ಮ, ನೆರೆಮನೆಯ ಹಿರಿಯ ಹೆಂಗಸರು ದಿನಕ್ಕೆ ನಾಲ್ಕು ಬಾರಿ ಬಸುರಿಯ ಮುಖ ನೋಡಿ, ಕಾಲಿನ ಬಾವು ನೋಡಿ, ಉಂಡಳೋ ಇಲ್ಲವೋ ಎಂದು ವಿಚಾರಿಸುವರು. ಇಲ್ಲಿಯಾದರೋ ಒಂದೆರಡು ಕೋಣೆಗಳ ಮನೆ. ಬೆಳಗಿನ ಲೋಕಲ್ ಗಾಡಿ ಹಿಡಿದ ಪತಿ ಮರಳುವುದು ದೀಪ ಹಚ್ಚಿದ ಬಹಳ ಹೊತ್ತಿನ ಮೇಲೆ. ಆಸ್ಪತ್ರೆಯ ತಪಾಸಣೆಯೆಂದರೆ ಒಂದು ದಿನದ ರಜೆ, ಎರಡು ಗಾಡಿಗಳ ಬದಲಾವಣೆ, ಮೂರು ಗಂಟೆಗಳ ಸರದಿ, ಐದು ನಿಮಿಷಗಳ ವೈದ್ಯರ ಭೇಟಿ.

ಇಂತಹ ಪರಿಸ್ಥಿತಿಯಲ್ಲಿ, ಕೆಲವು ತಪಾಸಣೆಗಳನ್ನು ದೂರವಾಣಿಯ ಮೂಲಕ ನಡೆಸಿ, ರಕ್ತದೊತ್ತಡ, ತೂಕ ಮೊದಲಾದವನ್ನು ಮನೆಯಲ್ಲಿಯೇ ಅಳೆದು ವೈದ್ಯರಿಗೆ ತಿಳಿಸುವ ಪದ್ಧತಿ ಇತ್ತೀಚಿನ ವರ್ಷಗಳಲ್ಲಿ ರೂಢಿಗೆ ಬರುತ್ತಿದೆ. ಅದರ ಗುಣವೇನು, ಮಿತಿಯೇನು ಎಂಬುದನ್ನು ವಾಚಕ ಬಂಧುಗಳ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ವಾಣಿಜ್ಯ ಪದವೀಧರ, ಬ್ಯಾಂಕಿನಲ್ಲಿ ಅಧಿಕಾರಿ. ಆದರೂ ಈ ವಿಷಯವನ್ನು ಆಯ್ದುಕೊಂಡುದಕ್ಕೆ ನಮ್ಮ ಕುಟುಂಬದಲ್ಲಿಯೇ ನಡೆದ ಒಂದು ಪ್ರಸಂಗ ಕಾರಣ. ಅದನ್ನು ಮುಂದೆ ನಿವೇದಿಸುವೆನು.

ತಪಾಸಣೆಯ ಲೆಕ್ಕ ಬಂದ ಬಗೆ

ಮೊದಲು ತಿಂಗಳಿಗೊಮ್ಮೆ, ಅನಂತರ ಹದಿನೈದು ದಿನಗಳಿಗೊಮ್ಮೆ, ಕೊನೆಯಲ್ಲಿ ವಾರಕ್ಕೊಮ್ಮೆ ಎಂಬ ತಪಾಸಣಾಕ್ರಮ ಬ್ರಿಟನ್ನಿನ ಆರೋಗ್ಯ ಸಚಿವಾಲಯವು 1929ರಲ್ಲಿ ಹೊರಡಿಸಿದ ಜ್ಞಾಪನ ಪತ್ರವೊಂದರಿಂದ ಪ್ರಚಾರಕ್ಕೆ ಬಂದಿತು. ಇಷ್ಟೇ ಬಾರಿ ಏಕೆ, ಇದೇ ಅಂತರ ಏಕೆ ಎಂಬುದಕ್ಕೆ ಆಗ ಪ್ರಯೋಗದ ಆಧಾರವೇನೂ ಇರಲಿಲ್ಲ. ಆದರೂ ಆ ಕ್ರಮವು ಅನೇಕ ದೇಶಗಳಲ್ಲಿ ದಶಕಗಳ ಕಾಲ ಬೇರೂರಿ ನಿಂತಿತು.

ವಿಶ್ವ ಆರೋಗ್ಯ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಗರ್ಭಿಣಿಗೆ ಕನಿಷ್ಠ 8 ಬಾರಿ ಆರೋಗ್ಯ ಸಿಬ್ಬಂದಿಯ ಸಂಪರ್ಕವಿರಬೇಕೆಂದು ಹೇಳಿದೆ: ಮೊದಲನೆಯದು 12 ವಾರಗಳೊಳಗೆ, ಅನಂತರ 20, 26, 30, 34, 36, 38 ಮತ್ತು 40ನೆಯ ವಾರಗಳಲ್ಲಿ. ಇಲ್ಲಿ ‘ಭೇಟಿ’ ಎನ್ನದೆ ‘ಸಂಪರ್ಕ’ ಎಂಬ ಪದವನ್ನು ಬುದ್ಧಿಪೂರ್ವಕವಾಗಿ ಬಳಸಿದ್ದಾರೆ. ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದ ಮಾತ್ರಕ್ಕೆ ಆರೈಕೆಯಾಗಲಿಲ್ಲ; ಗರ್ಭಿಣಿಗೂ ಆರೈಕೆ ನೀಡುವವರಿಗೂ ನಿಜವಾದ ಸಂಬಂಧ ಏರ್ಪಡಬೇಕು ಎಂಬುದು ಅದರ ಆಶಯ.

ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್‌ನಲ್ಲಿರುವ ಮೇಯೋ ಕ್ಲಿನಿಕ್ ಈ ದಿಕ್ಕಿನಲ್ಲಿ ಒಂದು ಪ್ರಯೋಗವನ್ನು ನಡೆಸಿ, ಅದರ ಫಲಿತಾಂಶವನ್ನು 2019ರಲ್ಲಿ ಪ್ರಕಟಿಸಿತು. ಅಪಾಯದ ಲಕ್ಷಣಗಳಿಲ್ಲದ 300 ಗರ್ಭಿಣಿಯರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ವಾಡಿಕೆಯ 12 ಭೇಟಿಗಳು. ಇನ್ನೊಂದಕ್ಕೆ ಆಸ್ಪತ್ರೆಯಲ್ಲಿ 8 ಭೇಟಿಗಳು, ದಾದಿಯರೊಡನೆ ದೂರದಿಂದ 6 ಸಮಾಲೋಚನೆಗಳು, ಜೊತೆಗೆ ಮನೆಯಲ್ಲಿ ಬಳಸಲು ರಕ್ತದೊತ್ತಡದ ಯಂತ್ರ ಮತ್ತು ಮಗುವಿನ ಎದೆಬಡಿತ ಕೇಳುವ ಉಪಕರಣ. ಎರಡನೆಯ ಗುಂಪಿನ ತಾಯಂದಿರಿಗೆ ಸಮಾಧಾನ ಹೆಚ್ಚಾಗಿತ್ತು, ಗರ್ಭಕಾಲದ ಆತಂಕ ಕಡಿಮೆಯಾಗಿತ್ತು. ತಾಯಿ ಮಕ್ಕಳ ಆರೋಗ್ಯದ ಫಲಿತಾಂಶಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಆದರೆ ಇದೇ ವರದಿಯಲ್ಲಿ ಮತ್ತೊಂದು ಅಂಶವಿದೆ. ಭೇಟಿಗಳು ಕಡಿಮೆಯಾದರೂ, ದೂರದಿಂದ ಬಂದ ಅಂಕಿಗಳನ್ನು ನೋಡಿ ಉತ್ತರ ಹೇಳುವ ದಾದಿಯರ ವೇಳೆ ಹೆಚ್ಚು ವ್ಯಯವಾಯಿತು. ಎಂದರೆ ಕೆಲಸ ಮಾಯವಾಗಲಿಲ್ಲ. ಲೆಕ್ಕದ ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ವರ್ಗವಾಯಿತು. ದೂರ ವೀಕ್ಷಣೆಯ ಯಶಸ್ಸು ಯಂತ್ರದಲ್ಲಿಲ್ಲ. ಬಂದ ಅಂಕಿಯನ್ನು ಓದುವವರು ಆ ತುದಿಯಲ್ಲಿದ್ದಾರೆಯೇ ಎಂಬುದರಲ್ಲಿದೆ. ಇದನ್ನು ದೃಢಪಡಿಸುವ ಇನ್ನೊಂದು ಅಧ್ಯಯನ ಇಂಗ್ಲೆಂಡಿನಿಂದ 2022ರಲ್ಲಿ ಪ್ರಕಟವಾಯಿತು. ರಕ್ತದೊತ್ತಡ ಏರುವ ಸಂಭವ ಹೆಚ್ಚಾಗಿದ್ದ ಸುಮಾರು 2,400 ಗರ್ಭಿಣಿಯರ ಮೇಲೆ ನಡೆದ ಆ ಅಧ್ಯಯನದಲ್ಲಿ, ಮನೆಯಲ್ಲಿ ಅಳೆದುಕೊಂಡವರ ಕಾಯಿಲೆಯು ಆಸ್ಪತ್ರೆಯಲ್ಲಿ ಉಳಿದವರಿಗಿಂತ ಬೇಗನೆ ಪತ್ತೆಯಾಗಲಿಲ್ಲ. ಅಳತೆಯೊಂದೇ ಚಿಕಿತ್ಸೆಯಲ್ಲ ಎಂಬುದು ಇದರ ತಾತ್ಪರ್ಯ.

ನಮ್ಮ ಮನೆಯ ಪ್ರಸಂಗ

ಈ ಪಾಠವನ್ನು ನಾನು ಅಧ್ಯಯನಗಳಿಂದ ಕಲಿಯುವ ಮೊದಲೇ ಅನುಭವದಿಂದ ಕಲಿತೆ. 2021ರಲ್ಲಿ ಡೊಂಬಿವಿಲಿಯಲ್ಲಿರುವ ನನ್ನ ತಂಗಿ ಚೊಚ್ಚಲ ಬಸುರಿಯಾಗಿದ್ದಳು. ಕೊರೋನಾ ಪಿಡುಗಿನ ಕಾಲ. ಅವಳು ಹೆಸರು ದಾಖಲಿಸಿದ್ದ ಆಸ್ಪತ್ರೆಯವರು, ‘ಎಲ್ಲವೂ ಸರಿಯಾಗಿದೆ, ಒಂದು ಸಲ ಬನ್ನಿ, ಮುಂದಿನ ಸಲ ಫೋನಿನಲ್ಲಿ ಮಾತನಾಡೋಣ’ ಎಂದು ವ್ಯವಸ್ಥೆ ಮಾಡಿದ್ದರು. ಅವಳ ಪತಿ ಒಳ್ಳೆಯ ಬಿ.ಪಿ. ಯಂತ್ರವೊಂದನ್ನು ತಂದಿದ್ದರು. ತಂಗಿ ಶಿಸ್ತಿನ ಹುಡುಗಿ. ಪ್ರತಿದಿನ ಅಳೆದು ದಿನಾಂಕದೊಡನೆ ಪುಸ್ತಕದಲ್ಲಿ ಬರೆಯುತ್ತಿದ್ದಳು.

ಒಂದು ಭಾನುವಾರ ನಾನು ಅವರ ಮನೆಗೆ ಹೋದೆ. ಆಗ ಅವಳಿಗೆ 33 ವಾರ. ಮಾತಿನ ನಡುವೆ ಆ ಪುಸ್ತಕವನ್ನು ಕೈಗೆತ್ತಿಕೊಂಡೆ. ಅಂಕಿಗಳ ಸಾಲನ್ನು ಕಂಡರೆ ಕಣ್ಣಾಡಿಸುವುದು ನಮ್ಮ ವೃತ್ತಿಯವರ ಅಭ್ಯಾಸ. ತಿಂಗಳುಗಟ್ಟಲೆ 110, 114, 112 ಎಂದಿದ್ದ ಮೇಲಿನ ಅಂಕಿಯು ಆ ವಾರ 138, 142, 144, 148 ಎಂದು ಏರುತ್ತ ಬಂದಿತ್ತು. ಕೆಳಗಿನ ಅಂಕಿ 94 ಮುಟ್ಟಿತ್ತು. ‘ಡಾಕ್ಟರಿಗೆ ಹೇಳಿದೆಯೇನೇ?’ ಎಂದೆ. ‘ಬುಧವಾರ ಅವರೇ ಫೋನ್ ಮಾಡ್ತಾರಲ್ಲಣ್ಣ, ಆಗ ಹೇಳಿದರಾಯಿತು ಅಂತ ಸುಮ್ಮನಿದ್ದೆ. ತಲೆ ಸ್ವಲ್ಪ ನೋಯ್ತಿದೆ ಅಷ್ಟೇ, ಸೆಕೆ ನೋಡು’ ಎಂದಳು.

ಅಂದು ಸಂಜೆಯೇ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ 156/100 ಬಂದಿತು. ಮೂತ್ರದಲ್ಲಿ ಪ್ರೋಟೀನ್ ಕಾಣಿಸಿತು. ಪ್ರಿಎಕ್ಲಾಂಪ್ಸಿಯಾ ಎಂದರು. ಕೂಡಲೇ ಸೇರಿಸಿಕೊಂಡು ಔಷಧ ಪ್ರಾರಂಭಿಸಿದರು. ಬಿಗಿಯಾದ ನಿಗಾವಣೆಯಲ್ಲಿ ದಿನಗಳನ್ನು ಸಾಗಿಸಿ, 37 ವಾರ ತುಂಬಿದ ಮೇಲೆ ನೋವು ಬರಿಸಿ ಹೆರಿಗೆ ಮಾಡಿಸಿದರು. ಮಗು 2 ಕಿಲೋ 400 ಗ್ರಾಂ. ದೇವರ ದಯೆಯಿಂದ ತಾಯಿ ಮಗಳು ಇಬ್ಬರೂ ಕ್ಷೇಮವಾಗಿದ್ದಾರೆ. ಆ ಮಗು ಈಗ ಶಾಲೆಗೆ ಹೋಗುತ್ತಿದೆ.

ಇಲ್ಲಿ ತಪ್ಪು ಯಾರದು? ಯಂತ್ರ ಸರಿಯಾಗಿತ್ತು. ತಂಗಿ ತಪ್ಪದೆ ಬರೆದಿದ್ದಳು. ಆಸ್ಪತ್ರೆಯವರು ದೂರವಾಣಿ ಸಂಖ್ಯೆ ಕೊಟ್ಟಿದ್ದರು. ಆದರೆ ಯಾವ ಅಂಕಿ ಬಂದರೆ ಆ ಸಂಖ್ಯೆಗೆ ಕರೆಮಾಡಬೇಕು ಎಂಬುದನ್ನು ಅವರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಪ್ರತಿದಿನ ಸಂಜೆ ಲೆಕ್ಕ ತಾಳೆಯಾಗದೆ ಮೇಜಿನಿಂದ ಏಳದ ನಾನು, ಸ್ವಂತ ತಂಗಿಯ ಪುಸ್ತಕವನ್ನು ನೋಡಿದ್ದು ಆಕಸ್ಮಿಕವಾಗಿ. ಆ ಭಾನುವಾರ ನಾನು ಹೋಗದೇ ಇದ್ದಿದ್ದರೆ ಎಂಬ ಯೋಚನೆ ಈಗಲೂ ನನ್ನನ್ನು ಕಾಡುವುದುಂಟು.

ಈ ಪದ್ಧತಿ ಯಾರಿಗೆ ಯುಕ್ತ?

ಮೊದಲ ತಪಾಸಣೆ ಆಸ್ಪತ್ರೆಯಲ್ಲಿ ಆಗಲೇಬೇಕು. ಎಲ್ಲವನ್ನೂ ನೋಡಿದ ಬಳಿಕ ‘ಅಪಾಯ ಕಡಿಮೆ’ ಎಂದು ವೈದ್ಯರು ಹೇಳಿದವರಿಗೆ ಮಾತ್ರ ದೂರ ವೀಕ್ಷಣೆ ಯುಕ್ತ. ಮೊದಲೇ ರಕ್ತದೊತ್ತಡ, ಮಧುಮೇಹ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಅವಳಿ ಗರ್ಭಿಣಿಯರು, ಹಿಂದಿನ ಹೆರಿಗೆ ಶಸ್ತ್ರಕ್ರಿಯೆಯಿಂದ ಆದವರು, ಹಿಂದೆ ಮಗುವನ್ನು ಕಳೆದುಕೊಂಡವರು, ತೀವ್ರ ರಕ್ತಹೀನತೆ ಇರುವವರು ಭೇಟಿಗಳನ್ನು ಕಡಿಮೆ ಮಾಡಿಕೊಳ್ಳುವ ಯೋಚನೆ ಮಾಡಬಾರದು. ಅಂಥವರಿಗೂ ಮನೆಯ ಅಳತೆ ಉಪಯುಕ್ತವಾಗಬಹುದು. ಆದರೆ ಅದು ಭೇಟಿಗಳ ಜೊತೆಗೆ, ಭೇಟಿಗಳ ಬದಲಿಗೆ ಅಲ್ಲ.

‘ಅಪಾಯ ಕಡಿಮೆ’ ಎಂಬುದು ಒಂಬತ್ತು ತಿಂಗಳಿಗೆ ಕೊಟ್ಟ ಪ್ರಮಾಣಪತ್ರವೂ ಅಲ್ಲ. ಬ್ಯಾಂಕಿನಲ್ಲಿ ಇಂದು ಸುಸ್ಥಿತಿಯಲ್ಲಿರುವ ಸಾಲವನ್ನು ಮುಂದೆಯೂ ಹಾಗೆಯೇ ಇರುವುದೆಂದು ನಂಬಿ ಯಾರೂ ಕಣ್ಣು ಮುಚ್ಚುವುದಿಲ್ಲ. ನನ್ನ ತಂಗಿಯೂ 32 ವಾರಗಳವರೆಗೆ ‘ಎಲ್ಲವೂ ಸರಿ’ ಎನಿಸಿಕೊಂಡವಳೇ. ಪ್ರತಿ ಸಂಪರ್ಕದಲ್ಲಿಯೂ, ‘ನಾನು ಈಗಲೂ ಅದೇ ವರ್ಗದಲ್ಲಿದ್ದೇನೆಯೇ?’ ಎಂದು ಗರ್ಭಿಣಿಯು ಕೇಳಿ ತಿಳಿಯುವುದು ಲೇಸು.

ರಕ್ತದೊತ್ತಡ ಅಳೆಯುವ ಕ್ರಮ

ಪ್ರಿಎಕ್ಲಾಂಪ್ಸಿಯಾ ಸಾಮಾನ್ಯವಾಗಿ 20 ವಾರಗಳ ನಂತರ ಕಾಣಿಸಿಕೊಳ್ಳುವ ವ್ಯಾಧಿ. ಮಾಸು ಸರಿಯಾಗಿ ನೆಲೆಗೊಳ್ಳದಿರುವುದಕ್ಕೂ ಇದಕ್ಕೂ ಸಂಬಂಧವುಂಟು. ಪ್ರಾರಂಭದಲ್ಲಿ ತಾಯಿಗೆ ಏನೂ ತೋರದಿರಬಹುದು. ಬಲಿತರೆ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಾಗಬಹುದು. ಆದುದರಿಂದಲೇ ಎಲ್ಲ ಅಳತೆಗಳಲ್ಲಿ ಇದು ಮುಖ್ಯ.

ಮಣಿಕಟ್ಟಿನ ಯಂತ್ರಕ್ಕಿಂತ ತೋಳಿಗೆ ಪಟ್ಟಿ ಸುತ್ತುವ ಯಂತ್ರವೇ ಒಳ್ಳೆಯದು. ಗರ್ಭಿಣಿಯರಲ್ಲಿ ಪರೀಕ್ಷಿತವಾದ ಯಂತ್ರ ಯಾವುದೆಂದು ವೈದ್ಯರನ್ನು ಕೇಳಿಯೇ ಕೊಳ್ಳಬೇಕು. ಪಟ್ಟಿ ತೋಳಿನ ಗಾತ್ರಕ್ಕೆ ಒಪ್ಪಬೇಕು. ಚಿಕ್ಕದಾದರೆ ಅಂಕಿ ಸುಳ್ಳಾಗಿ ಏರುತ್ತದೆ. ತಂದ ಯಂತ್ರವನ್ನು ಒಮ್ಮೆ ಆಸ್ಪತ್ರೆಗೆ ಒಯ್ದು ಅಲ್ಲಿಯ ಯಂತ್ರದೊಡನೆ ಹೋಲಿಸಿ ನೋಡಬೇಕು.

ಅಳೆಯುವ ಮುನ್ನ ಮೂತ್ರ ವಿಸರ್ಜಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಬೇಕು. ಅರ್ಧ ಗಂಟೆ ಮುಂಚಿನಿಂದ ಕಾಫಿ, ಚಹಾ ಬೇಡ. ತೋಳು ಎದೆಯ ಮಟ್ಟದಲ್ಲಿರಲಿ. ಅಳೆಯುವಾಗ ಮಾತು ಬೇಡ. ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಎರಡನ್ನೂ ಬರೆಯಬೇಕು. ಇಷ್ಟವಾದ ಅಂಕಿಯನ್ನು ಮಾತ್ರ ಬರೆದು ಉಳಿದುದನ್ನು ಬಿಡುವುದು ತನಗೆ ತಾನೇ ಸುಳ್ಳು ಲೆಕ್ಕ ತೋರಿಸಿದಂತೆ.

ಈಗ ಮುಖ್ಯ ಮಾತು. ಮೇಲಿನ ಅಂಕಿ 140 ಅಥವಾ ಕೆಳಗಿನ ಅಂಕಿ 90, ಅಥವಾ ಅದಕ್ಕಿಂತ ಹೆಚ್ಚು ಎರಡು ಅಳತೆಗಳಲ್ಲಿಯೂ ಬಂದರೆ ಅಂದೇ ವೈದ್ಯರಿಗೆ ತಿಳಿಸಬೇಕು. ಮುಂದಿನ ಕರೆಗಾಗಿ ಕಾಯಬಾರದು. ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿದರೆ ಫೋನ್ ಮಾಡುತ್ತ ಕೂಡದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಅಂಕಿ ಸರಿಯಿದ್ದರೂ ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಮುಖ ಅಥವಾ ಕೈ ಹಠಾತ್ತನೆ ಊದಿಕೊಳ್ಳುವುದು ಕಂಡರೆ ಇದೇ ನಿಯಮ. ಈ ವ್ಯಾಧಿ ಹೆರಿಗೆಯ ನಂತರವೂ ತಲೆದೋರಬಹುದಾದ ಕಾರಣ, ವೈದ್ಯರು ಹೇಳುವವರೆಗೆ ಬಾಣಂತಿಯ ರಕ್ತದೊತ್ತಡವನ್ನೂ ನೋಡುತ್ತಿರಬೇಕು.

ಮಗುವಿನ ಚಲನೆ

ಯಾವ ಯಂತ್ರವೂ ಬೇಡದ ಅಳತೆಯೊಂದಿದೆ; ಅದು ಮಗುವಿನ ಚಲನೆ. ಚೊಚ್ಚಲ ಬಸುರಿಗೆ ಇದು ಸಾಮಾನ್ಯವಾಗಿ 18ರಿಂದ 20ನೆಯ ವಾರದ ಹೊತ್ತಿಗೆ ತಿಳಿಯತೊಡಗುತ್ತದೆ. 24 ವಾರವಾದರೂ ತಿಳಿಯದಿದ್ದರೆ ವೈದ್ಯರನ್ನು ಕಾಣಬೇಕು. ಪ್ರತಿ ಮಗುವಿಗೂ ತನ್ನದೇ ಆದ ರೀತಿಯಿರುವುದರಿಂದ, ತನ್ನ ಮಗುವಿನ ವಾಡಿಕೆಯನ್ನು ತಾಯಿ ಅರಿತಿರಬೇಕು. ವಾಡಿಕೆಗಿಂತ ಕಡಿಮೆಯೆನಿಸಿದರೆ ಎಡಮಗ್ಗುಲಾಗಿ ಮಲಗಿ ಗಮನವಿಟ್ಟು ಎಣಿಸಬೇಕು. ಎರಡು ಗಂಟೆಗಳಲ್ಲಿ 10 ಚಲನೆಗಳು ತಿಳಿಯದಿದ್ದರೆ, ಅದು ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

‘ದಿನ ತುಂಬಿದ ಮೇಲೆ ಮಗು ಸುಮ್ಮನಾಗುವುದು ಸಹಜ’ ಎಂಬ ಮಾತು ಬಳಕೆಯಲ್ಲಿದೆ. ಅದು ನಿಜವಲ್ಲ. ಚಲನೆಯ ಬಗೆ ಬದಲಾಗಬಹುದು, ಚಲನೆ ಕುಗ್ಗಬಾರದು. ಅಂತೆಯೇ ಎದೆಬಡಿತ ಕೇಳುವ ಡಾಪ್ಲರ್ ಉಪಕರಣವನ್ನು ಅಂಗಡಿಯಿಂದ ತಂದು ಅದನ್ನೇ ನಂಬುವುದು ಹಿತವಲ್ಲ. ಅಭ್ಯಾಸವಿಲ್ಲದವರಿಗೆ ತಾಯಿಯ ನಾಡಿಯೇ ಮಗುವಿನದೆಂದು ಕೇಳಿಸಬಹುದು. ಅದಲ್ಲದೆ, ಬಡಿತ ಕೇಳಿಸಿತೆಂಬ ಸಮಾಧಾನದಿಂದ ಚಲನೆ ಕಡಿಮೆಯಾದುದನ್ನು ಅಲಕ್ಷಿಸಿ ಅಮೂಲ್ಯವಾದ ಗಂಟೆಗಳನ್ನು ಕಳೆದುಕೊಳ್ಳುವ ಭಯವಿದೆ.

ಮನೆಯಲ್ಲಿ ಆಗದ ಕೆಲಸಗಳು

ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್-ಬಿ ಪರೀಕ್ಷೆಗಳು ಫೋನಿನಲ್ಲಿ ಆಗುವಂಥವಲ್ಲ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಗರ್ಭಿಣಿಯಲ್ಲಿ ರಕ್ತಹೀನತೆಯೆಂದು ಪರಿಗಣಿಸುತ್ತಾರೆ. ನಮ್ಮ ದೇಶದಲ್ಲಿ ಇದು ವ್ಯಾಪಕವಾಗಿರುವುದರಿಂದಲೇ, ಸರ್ಕಾರಿ ಕಾರ್ಯಕ್ರಮದಲ್ಲಿ ನಾಲ್ಕನೆಯ ತಿಂಗಳಿನಿಂದ ಕಬ್ಬಿಣಾಂಶದ ಗುಳಿಗೆಯನ್ನು ಕನಿಷ್ಠ 180 ದಿನ ನುಂಗಬೇಕೆಂಬ ವಿಧಿಯಿದೆ. ಗುಳಿಗೆಯನ್ನು ಕಾಫಿ ಚಹಾಗಳೊಡನೆ ನುಂಗಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಧನುರ್ವಾಯು ತಡೆಯುವ ಚುಚ್ಚುಮದ್ದನ್ನೂ, ಆರ್‌ಎಚ್ ನೆಗೆಟಿವ್ ಗುಂಪಿನ ತಾಯಂದಿರಿಗೆ ಬೇಕಾಗುವ ವಿಶೇಷ ಚುಚ್ಚುಮದ್ದನ್ನೂ ಸಕಾಲದಲ್ಲಿ ಆಸ್ಪತ್ರೆಯಲ್ಲಿಯೇ ಪಡೆಯಬೇಕು. ಇಲ್ಲಿ ಸೊನೋಗ್ರಫಿಯೆಂದೂ ಊರಿನಲ್ಲಿ ಸ್ಕ್ಯಾನಿಂಗ್ ಎಂದೂ ಕರೆಯುವ ಪರೀಕ್ಷೆ, ಹೊಟ್ಟೆಯ ಬೆಳವಣಿಗೆಯ ಅಳತೆ, ಕೊನೆಯ ವಾರಗಳಲ್ಲಿ ಮಗುವಿನ ತಲೆ ಕೆಳಗಿದೆಯೇ ಎಂಬ ಪರೀಕ್ಷೆ, ಇವಕ್ಕೂ ಅನುಭವವುಳ್ಳವರ ಕೈ ಬೇಕು.

ಭಾರತ ಸರ್ಕಾರವು 2020ರ ಮಾರ್ಚ್ 25ರಂದು ಪ್ರಕಟಿಸಿದ ದೂರವೈದ್ಯ ಮಾರ್ಗಸೂಚಿಯು ನೋಂದಾಯಿತ ವೈದ್ಯರಿಗೆ ಫೋನ್, ವಿಡಿಯೋ ಅಥವಾ ಬರವಣಿಗೆಯ ಮೂಲಕ ಸಲಹೆ ನೀಡಲು ಅವಕಾಶ ಕೊಟ್ಟಿದೆ. ದೂರದಿಂದ ಸಾಲದು ಎಂದು ತೋರಿದರೆ ಕರೆಸಿ ನೋಡುವ ನಿರ್ಣಯವನ್ನೂ ವೈದ್ಯರಿಗೇ ಬಿಟ್ಟಿದೆ. ಸರ್ಕಾರದ ಇ-ಸಂಜೀವನಿ ಸೇವೆಯಲ್ಲಿ ವೈದ್ಯರ ದೂರ ಸಲಹೆ ಉಚಿತ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಅನ್ವಯ ಪ್ರತಿ ತಿಂಗಳ 9ನೆಯ ತಾರೀಖು, ನಾಲ್ಕು ತಿಂಗಳು ಮತ್ತು ಅದಕ್ಕೆ ಮೇಲ್ಪಟ್ಟ ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ತಪಾಸಣೆ ನಡೆಯುತ್ತದೆ. ನಮ್ಮಲ್ಲಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಬಂಧುಗಳ ಕುಟುಂಬಗಳಿಗೆ ಈ ಸಂಗತಿ ತಿಳಿದಿರುವುದು ಅವಶ್ಯ.

ಇನ್ನು, ರಕ್ತಸ್ರಾವ, ನೀರು ಹೋಗುವುದು, ಅವಧಿಗೆ ಮುನ್ನ ನೋವು, ಜ್ವರ, ಉಸಿರಾಟದ ತೊಂದರೆ, ಅಂಗೈ ಅಂಗಾಲುಗಳಲ್ಲಿ ರಾತ್ರಿ ಹೊತ್ತು ತಡೆಯಲಾರದ ತುರಿಕೆ, ಇವು ಯಾವುವೂ ಫೋನಿನಲ್ಲಿ ಮುಗಿಯುವ ವಿಷಯಗಳಲ್ಲ. ಇವಕ್ಕೆ ಆಸ್ಪತ್ರೆಯೇ ದಾರಿ.

ತವರಿಗೆ ಹೋಗುವಾಗ

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ಸಂಪ್ರದಾಯ ಇಂದಿಗೂ ಜೀವಂತವಾಗಿದೆ. ಸೀಮಂತ ಮುಗಿಸಿಕೊಂಡು ಹುಡುಗಿ ಹುಬ್ಬಳ್ಳಿಗೋ ಉಡುಪಿಗೋ ಹೊರಡುತ್ತಾಳೆ. ಒಳ್ಳೆಯ ಪದ್ಧತಿಯೇ, ತಾಯಿಯ ಮಡಿಲಿನಷ್ಟು ನೆಮ್ಮದಿ ಬೇರೆಲ್ಲಿದೆ? ಆದರೆ ರಕ್ತದೊತ್ತಡ ಏರುವ ಸಂಭವ ಹೆಚ್ಚಾಗಿರುವ ತಿಂಗಳುಗಳಲ್ಲಿಯೇ ಇಲ್ಲಿಯ ವೈದ್ಯರ ಕೈಬಿಟ್ಟು ಅಲ್ಲಿಯವರ ಕೈಸೇರುವ ಅವಧಿಯೊಂದು ಬರುತ್ತದೆ. ಆ ದಿನಗಳಲ್ಲಿ ಅವಳು ಯಾರ ಲೆಕ್ಕಕ್ಕೂ ಸೇರದೆ ಉಳಿಯಬಹುದು.

ಆದ್ದರಿಂದ ಹೊರಡುವ ಮೊದಲೇ ಊರಿನ ಆಸ್ಪತ್ರೆಯನ್ನು ಗೊತ್ತುಮಾಡಿ, ಅಲ್ಲಿ ತಲುಪಿದ ವಾರದೊಳಗೆ ಭೇಟಿಯ ದಿನ ನಿಗದಿಪಡಿಸಬೇಕು. ಪ್ರಯಾಣಕ್ಕೆ ವೈದ್ಯರ ಒಪ್ಪಿಗೆ ಪಡೆಯಬೇಕು. ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡು (ಕರ್ನಾಟಕದಲ್ಲಿ ತಾಯಿ ಕಾರ್ಡು), ರಕ್ತದ ವರದಿಗಳು, ಸೊನೋಗ್ರಫಿ ವರದಿಗಳು, ಮನೆಯ ಅಳತೆಯ ಪುಸ್ತಕ, ಇವು ಬ್ಯಾಗಿನ ತಳದಲ್ಲಲ್ಲ, ಕೈಗೆ ಸಿಗುವಂತಿರಬೇಕು. ಬಿ.ಪಿ. ಯಂತ್ರವೂ ಜೊತೆಯಲ್ಲಿ ಹೋಗಲಿ. ಅಲ್ಲಿಯ ವೈದ್ಯರು ಒಪ್ಪಿಕೊಳ್ಳುವವರೆಗೆ ಇಲ್ಲಿಯ ವೈದ್ಯರ ಸಂಪರ್ಕ ಕಡಿಯಬಾರದು.

ಕೊನೆಯ ಮಾತು

ಮನೆಯ ವೀಕ್ಷಣೆಯನ್ನು ಪ್ರಾರಂಭಿಸುವ ಪ್ರತಿಯೊಂದು ಕುಟುಂಬವೂ ವೈದ್ಯರಿಂದ ನಾಲ್ಕು ಪ್ರಶ್ನೆಗಳಿಗೆ ಉತ್ತರ ಪಡೆದು ಅಳತೆಯ ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಡಲಿ ಎಂಬುದು ನನ್ನ ವಿನಂತಿ: ಏನನ್ನು, ಎಷ್ಟು ದಿನಕ್ಕೊಮ್ಮೆ ಅಳೆಯಬೇಕು? ಯಾವ ಅಂಕಿ ಬಂದರೆ ತಿಳಿಸಬೇಕು? ಹಗಲು ಯಾರಿಗೆ, ರಾತ್ರಿ ಯಾರಿಗೆ ತಿಳಿಸಬೇಕು? ಅವರು ಸಿಗದಿದ್ದರೆ ಯಾವ ಆಸ್ಪತ್ರೆಗೆ ಹೋಗಬೇಕು? ಇದರ ಜೊತೆಗೆ, ಗರ್ಭಿಣಿಯಲ್ಲದೆ ಮನೆಯ ಇನ್ನೊಬ್ಬರು, ವಿಶೇಷವಾಗಿ ಪತಿ, ಪ್ರತಿರಾತ್ರಿ ಆ ಪುಸ್ತಕವನ್ನು ಓದಿ ಸಹಿ ಹಾಕಲಿ. ಬ್ಯಾಂಕಿನಲ್ಲಿ ಒಬ್ಬರು ಬರೆದುದನ್ನು ಇನ್ನೊಬ್ಬರು ಪರಿಶೀಲಿಸುವುದು ಅಪನಂಬಿಕೆಯಿಂದಲ್ಲ. ದಣಿದ ಕಣ್ಣಿಗೆ ತಪ್ಪಿದ್ದು ಬೇರೆ ಕಣ್ಣಿಗೆ ಕಾಣಲಿ ಎಂದು.

ನಮ್ಮ ಸಂಘದ ಬಂಧುಗಳಲ್ಲಿಯೂ ಒಂದು ಕೋರಿಕೆ. ತಮ್ಮ ಕಟ್ಟಡದಲ್ಲಿ, ತಮ್ಮ ಬೀದಿಯಲ್ಲಿ ಹೊಸದಾಗಿ ಬಂದು ನೆಲೆಸಿದ ಕನ್ನಡದ ಹುಡುಗಿಯೊಬ್ಬಳು ಬಸುರಿಯಾಗಿದ್ದರೆ, ವಾರಕ್ಕೊಮ್ಮೆ ಅವಳ ಮನೆಗೆ ಹೋಗಿ ಬನ್ನಿ. ಊಟವಾಯಿತೇ ಎಂದು ಕೇಳುವಾಗ, ಪುಸ್ತಕ ತೋರಿಸಮ್ಮ ಎಂದೂ ಕೇಳಿ. ನನ್ನ ತಂಗಿಗೆ ಆ ಭಾನುವಾರ ದೊರೆತದ್ದು ಅಷ್ಟೇ ಸಹಾಯ.